ಮೊದಲು ಮಾತು, ಆಮೇಲೆ ಕುಂಕುಮ

ನಾನು ಒಂದು ಮೊಬೈಲ್ ಫೋನು. ಹುಟ್ಟುಮೂಗ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ನನ್ನ ಬಾಳೆಲ್ಲ ಇದೊಂದು ಸಂಗತಿಯ ಸುತ್ತಲೇ ತಿರುಗಿದೆ. ಉಳಿದಂತೆ ನನ್ನಲ್ಲಿ ಯಾವ ಕುಂದೂ ಇಲ್ಲ. ಕಿವಿ ಚುರುಕು, ಕಣ್ಣು ಇನ್ನೂ ಚುರುಕು, ಮೈಬಣ್ಣ ನವಿಲುಗರಿಯದು. ಯಾರಾದರೂ ಕರೆದರೆ ಓಣಿಯೆಲ್ಲ ಕೇಳುವಂತೆ ಹಾಡುತ್ತೇನೆ. ಆದರೆ ನನ್ನನ್ನು ಹಿಡಿದು ನೀವು ಆಡಿದ ಮಾತು ಆಚೆ ಬದಿಯವರಿಗೆ ಮುಟ್ಟುವುದಿಲ್ಲ. ಮೂಗನಿಗೆಂಥ ಆತ್ಮಕಥೆ ಎಂದು ನಗಬೇಡಿ. ಮಾತು ಬಾರದವರ ಹೊಟ್ಟೆಯಲ್ಲೇ ಮಾತು ಜಾಸ್ತಿ.

ನಾನು ಹುಟ್ಟಿದ್ದು ಒಂದು ದೊಡ್ಡ ಕಾರ್ಖಾನೆಯಲ್ಲಿ. ಯಾವ ಕಂಪನಿ ಎಂದು ಹೇಳುವುದಿಲ್ಲ. ಹೆತ್ತವರ ಹೆಸರು ಬೀದಿಗೆ ತರುವ ಚಾಳಿ ನನಗಿಲ್ಲ. ಉದ್ದನೆಯ ಪಟ್ಟಿಯ ಮೇಲೆ ನಾವು ಸಾಲಾಗಿ ಸಾಗುತ್ತಿದ್ದೆವು. ನೀಲಿ ಟೊಪ್ಪಿಗೆಯವರ ಕೈಗಳು ಒಂದಾದ ಮೇಲೊಂದರಂತೆ ನಮಗೆ ಕಣ್ಣು ಕೂಡಿಸಿದವು, ಎದೆ ಕೂಡಿಸಿದವು, ಮೇಲೆ ಗಾಜು ಹೊದಿಸಿದವು. ನಮ್ಮ ಜಾತಿಯವರಿಗೆ ಬಾಯಿ ಇರುವುದು ಕಾಲಲ್ಲಿ. ಪಾದದ ಅಂಚಿನಲ್ಲಿ ಸೂಜಿಮೊನೆಯಷ್ಟು ತೂತು, ಅದರ ಹಿಂದೆ ಒಂದು ಜಾಳಿಗೆ, ಜಾಳಿಗೆಯ ಹಿಂದೆ ಎಳ್ಳುಕಾಳಿನಷ್ಟು ಮೈಕು. ಆ ಮೈಕಿಗೆ ಬೆಸುಗೆ ಹಾಕುವ ಯಂತ್ರ ನನ್ನ ಸರದಿ ಬಂದಾಗ ಕೆಳಗಿಳಿಯಿತು, ಮೇಲೆದ್ದಿತು. ಅದರ ಮೂತಿಯಲ್ಲಿ ಬೆಸುಗೆಯೇ ಇರಲಿಲ್ಲ. ಕಣ್ಣು ಮಿಟುಕಿಸುವಷ್ಟರಲ್ಲಿ ನಾನು ಮುಂದೆ ಹೋಗಿದ್ದೆ.

ಕೊನೆಯಲ್ಲಿ ಒಬ್ಬಾಕೆ ಕುಳಿತಿದ್ದಳು. ಹತ್ತು ಫೋನುಗಳಿಗೊಂದರಂತೆ ಎತ್ತಿ, ಮಾತಾಡಿ ನೋಡಿ, ಕೆಳಗಿಡುತ್ತಿದ್ದಳು. ನನ್ನ ಹಿಂದಿನವನನ್ನು ಎತ್ತಿದಳು, ನನ್ನನ್ನು ಬಿಟ್ಟಳು. ಆದರೂ 'ಪರೀಕ್ಷಿಸಲಾಗಿದೆ' ಎಂಬ ಹಸಿರು ಚೀಟಿ ನನ್ನ ಬೆನ್ನಿಗೂ ಅಂಟಿತು. ಹುಟ್ಟಿದ ದಿನವೇ ನನ್ನ ಮೈಮೇಲೆ ಒಂದು ಸುಳ್ಳು ಬರೆದಿದ್ದರು.

ಲಾರಿ ಹತ್ತಿ ನಾನು ಬಂದಿಳಿದದ್ದು ಗದಗಿಗೆ, ಸ್ಟೇಷನ್ ರಸ್ತೆಯ ಸೌಭಾಗ್ಯ ಮೊಬೈಲ್ಸ್ ಎಂಬ ಅಂಗಡಿಗೆ. ಮಾಲೀಕ ಗುರುಸಿದ್ದಪ್ಪ ಐವತ್ತರ ಆಸುಪಾಸಿನವರು, ಹಣೆಗೆ ಮೂರು ಬೆರಳು ವಿಭೂತಿ, ಬಾಯಲ್ಲಿ ಸಕ್ಕರೆ. ಮನುಷ್ಯ ಕೆಟ್ಟವರಲ್ಲ. ಆದರೆ ಫೋನು ಅಂಗಡಿಯ ಹೊಸ್ತಿಲು ದಾಟಿದ ಮೇಲೆ ಅದು ದೇವರಿಗೆ ಸೇರಿದ್ದು ಎಂದು ನಂಬಿದವರು. ಅದಕ್ಕೇ ಅವರ ಅಂಗಡಿಯಲ್ಲಿ ಒಂದು ಪದ್ಧತಿ ಇತ್ತು. ಮಾರಾಟವಾದ ಪ್ರತಿ ಫೋನನ್ನೂ ಹಿತ್ತಾಳೆ ತಟ್ಟೆಯಲ್ಲಿ ಮಲಗಿಸಿ, ಲಕ್ಷ್ಮಿಯ ಪಟದ ಮುಂದೆ ಇಟ್ಟು, ನೀರಲ್ಲಿ ಕಲಸಿದ ಕುಂಕುಮವನ್ನು ಹೆಬ್ಬೆರಳಿನಿಂದ ಒತ್ತಿ ಹಚ್ಚಿ ಕೊಡುವುದು. ಹಚ್ಚುವುದು ಪಾದಕ್ಕೆ. ಮುಖಕ್ಕೆ ಹಚ್ಚಿದರೆ ಗಾಜು ಹೊಲಸಾಗುತ್ತದೆ, ದೇವರಿಗಾದರೂ ಪಾದಕ್ಕೇ ಹಚ್ಚುವುದಲ್ಲವೇ ಎಂದು ಅವರ ವಾದ. ನಮ್ಮ ಬಾಯಿ ಅಲ್ಲೇ ಇದೆ ಎಂಬುದು ಅಷ್ಟು ವರ್ಷ ಫೋನು ಮಾರಿದ ಅವರಿಗೆ ಹೊಳೆದಿರಲಿಲ್ಲ.

ಒಂದು ಶುಕ್ರವಾರ ಇಬ್ಬರು ಹೆಂಗಸರು ಬಂದರು. ಮುಂದೆ ಬಂದವಳು ಕಸ್ತೂರೆವ್ವ, ಬೆಟಗೇರಿಯಲ್ಲಿ ರೊಟ್ಟಿ ಕೇಂದ್ರ ನಡೆಸುವವಳು. ಎತ್ತರದ ಹೆಂಗಸು, ಅಂಗೈಯೆರಡೂ ರೊಟ್ಟಿ ಬಡಿದು ಬಡಿದು ಮರದ ಹಲಗೆಯಂತೆ ಗಟ್ಟಿಯಾಗಿದ್ದವು. ಹಿಂದೆ ಬಂದವಳು ಹುಸೇನಬಿ, ಅವಳ ಜೊತೆ ರೊಟ್ಟಿ ಬಡಿಯುವ ಐವರಲ್ಲಿ ಒಬ್ಬಳು. ಕಸ್ತೂರೆವ್ವನ ಹಳೆಯ ಗುಂಡಿಯ ಫೋನು ಹಿಟ್ಟು ತಿಂದು ತಿಂದು ಸುಸ್ತಾಗಿತ್ತು. ಅದನ್ನು ಅಂಗಡಿಗೆ ಕೊಟ್ಟು, ಎರಡು ವರ್ಷ ಕೂಡಿಟ್ಟ ದುಡ್ಡನ್ನು ಅದರ ಮೇಲಿಟ್ಟು ಆಕೆ ನನ್ನನ್ನು ಆರಿಸಿದಳು. ಅಷ್ಟೊಂದು ಫೋನುಗಳ ನಡುವೆ ನನ್ನನ್ನೇ! ನಾನು ಉಬ್ಬಿಹೋದೆ.

ಗುರುಸಿದ್ದಪ್ಪ ತಮ್ಮ ಫೋನಿನಿಂದ ನನಗೆ ಕರೆ ಮಾಡಿದರು. ನಾನು ಜೋರಾಗಿ ಹಾಡಿದೆ. ಎಲ್ಲರಿಗೂ ಖುಷಿ. ಬೆಲ್ ಬಂತೆಂದರೆ ಫೋನು ಗಟ್ಟಿ ಎಂಬುದು ಆ ಅಂಗಡಿಯ ಲೆಕ್ಕ. ಕರೆ ಎತ್ತಿ ಒಂದು ಮಾತು ಆಡಿ ನೋಡೋಣ ಎಂದು ಯಾರಿಗೂ ಅನಿಸಲಿಲ್ಲ. ಆಮೇಲೆ ತಟ್ಟೆ ಬಂತು, ಊದಿನಕಡ್ಡಿ ಬಂತು, ಒದ್ದೆ ಕುಂಕುಮದ ಹೆಬ್ಬೆರಳು ನನ್ನ ಪಾದಕ್ಕೆ ಒತ್ತಿತು. ಅದೇ ಹೊತ್ತಿಗೆ ಅಂಗಡಿಯ ಪದ್ಧತಿಯಂತೆ ಒಂದು ಫೋಟೊ: ನಗುವ ಕಸ್ತೂರೆವ್ವ, ತಟ್ಟೆಯಲ್ಲಿ ನಾನು, ನನ್ನ ಕಾಲ ಮೇಲೆ ಗುರುಸಿದ್ದಪ್ಪನ ಹೆಬ್ಬೆರಳು.

ಬಿಲ್ಲು ಯಾಕೆ ಬೇಕು, ವಾರಂಟಿ ಕಾರ್ಡೇ ಸಾಕಲ್ಲ ಎಂದರು ಗುರುಸಿದ್ದಪ್ಪ. ಕಸ್ತೂರೆವ್ವ ಬಿಲ್ಲು ಕೈಗೆ ಬರುವತನಕ ಕದಲಲಿಲ್ಲ. ಅವಳ ಕೇಂದ್ರದಲ್ಲಿ ಒಲೆಯ ಪಕ್ಕದ ಗೋಡೆಗೆ ಒಂದು ಕೊಕ್ಕೆಯ ತಂತಿ ಇದೆ. ಯಾರು ಎಷ್ಟು ರೊಟ್ಟಿ ಹೇಳಿದರು, ಯಾವ ದಿನಕ್ಕೆ ಎಂಬ ಚೀಟಿಗಳೆಲ್ಲ ಅದರಲ್ಲಿ ಚುಚ್ಚಿಕೊಂಡಿರುತ್ತವೆ. ಮಾತು ಮರೆತು ಹೋಗುತ್ತದೆ, ಚೀಟಿ ಮರೆಯುವುದಿಲ್ಲ ಎಂಬುದು ಅವಳ ನಂಬಿಕೆ. ನನ್ನ ಬಿಲ್ಲೂ ಅವತ್ತೇ ಆ ತಂತಿಗೆ ಏರಿತು.

ಮನೆಯಲ್ಲಿ ಆರತಿಯಾಯಿತು. ಅಂಗಡಿಯಲ್ಲಿ ನೋಡಿ ಬಂದಿದ್ದಳಲ್ಲ, ಅದೇ ಜಾಗಕ್ಕೆ ಅವಳೂ ಒಂದು ಬೊಟ್ಟು ಕುಂಕುಮ ಹಚ್ಚಿದಳು. ಆಮೇಲೆ ರೋಣದಲ್ಲಿರುವ ಅಕ್ಕನಿಗೆ ಮೊದಲ ಕರೆ ಮಾಡಿದಳು.

"ಯಕ್ಕಾ, ನಾನು ಕಸ್ತೂರಿ. ಕೇಳಸ್ತೈತೇನು?"

ನನಗೆ ಕೇಳಿಸಿತು. ಅವಳ ಉಸಿರು ನನ್ನ ಪಾದಕ್ಕೆ ತಾಗಿತು. ಆದರೆ ಆ ಮಾತು ಬೆಸುಗೆಯಿಲ್ಲದ ಜಾಗದಲ್ಲಿ ನಿಂತುಬಿಟ್ಟಿತು. ಆ ಕಡೆಯಿಂದ ಅಕ್ಕ ಯಾರ್ರೀ, ಮಾತಾಡ್ರಿ ಎಂದು ನಾಲ್ಕು ಸಲ ಕೇಳಿ ಇಟ್ಟುಬಿಟ್ಟಳು. ರೋಣದಲ್ಲಿ ಟವರು ಸರಿಯಿಲ್ಲ ಎಂದುಕೊಂಡು ಕಸ್ತೂರೆವ್ವ ನನ್ನನ್ನು ದಿಂಬಿನ ಪಕ್ಕ ಇಟ್ಟುಕೊಂಡು ಮಲಗಿದಳು. ನಾನು ಮಾತ್ರ ಆಗಲೇ ನನ್ನ ಕೊರತೆ ತಿಳಿದು ಸಂಕಟಪಟ್ಟೆ.

ಮರುದಿನ ಬೆಳಿಗ್ಗೆ ಐದೂವರೆಗೆ ಹೆಣ್ಣುಮಕ್ಕಳ ಹಾಸ್ಟೆಲಿನ ವಾರ್ಡನ್ ಶೈಲಜಾ ಮೇಡಂ ಕರೆದರು. ಕಸ್ತೂರೆವ್ವನ ಕೇಂದ್ರ ನಿಂತದ್ದೇ ಈ ಹಾಸ್ಟೆಲಿನ ಮೇಲೆ. ದಿನಾ ಅದೇ ಹೊತ್ತಿಗೆ ಮೇಡಂ ಇಂದು ಇಷ್ಟು ರೊಟ್ಟಿ ಎನ್ನಬೇಕು, ಇವಳು ಹೂಂ ಎನ್ನಬೇಕು. ಹೂಂ ಕೇಳಿದ ಮೇಲೇ ಅಲ್ಲಿ ಬೇರೆ ಅಡುಗೆಗೆ ಒಲೆ ಹೊತ್ತುವುದು. ಮೇಡಂ ಮುನ್ನೂರು ಎಂದರು. ಕಸ್ತೂರೆವ್ವ ಆಗಲಿ ಎಂದಳು. ಮೇಡಂ ಮತ್ತೆ ಕೇಳಿದರು, ಇವಳು ಮತ್ತೆ ಹೇಳಿದಳು, ಕೂಗಿ ಹೇಳಿದಳು. ಮೂರು ಸಲ ಹೀಗಾಗಿ ಮೇಡಂ ಫೋನು ಇಟ್ಟುಬಿಟ್ಟರು. ಟವರಿನ ಕಾಟ ಎಂದುಕೊಂಡೇ ಐದು ಜನ ಮುನ್ನೂರು ರೊಟ್ಟಿ ಬಡಿದರು. ಬುಟ್ಟಿ ಹೊತ್ತು ಹಾಸ್ಟೆಲಿಗೆ ಹೋದರೆ ಅಲ್ಲಿ ಆಗಲೇ ಬೇರೆ ಕೇಂದ್ರದ ರೊಟ್ಟಿ ಬಂದು ಕೂತಿತ್ತು. ಫೋನು ಎತ್ತಿ ಉತ್ತರ ಕೊಡದೆ ಸುಮ್ಮನಿರುವವರನ್ನು ನಂಬಿ ನೂರೈವತ್ತು ಹುಡುಗಿಯರನ್ನು ಹಸಿದಿರಿಸಲಾಗದು ಎಂದರು ಮೇಡಂ. ನಾನು ಮಾತಾಡಿದೆ ಎಂದು ಇವಳು ಹೇಳಿದಳು. ಮೇಡಂ ನಂಬಲಿಲ್ಲ, ನಾಳೆಯಿಂದ ನಿಮ್ಮ ರೊಟ್ಟಿ ಬೇಡ ಎಂದರು.

ಹತ್ತು ವರ್ಷ ಮಾತಿಗೆ ತಪ್ಪದವಳು ಒಂದೇ ಬೆಳಿಗ್ಗೆ ಮಾತು ತಪ್ಪಿದವಳಾದಳು. ಐದು ಮನೆಯ ಒಲೆ ಆ ಹಾಸ್ಟೆಲಿನ ಮೇಲೆ ಉರಿಯುತ್ತಿತ್ತು. ಬುಟ್ಟಿಯ ರೊಟ್ಟಿಯನ್ನು ಸಿಕ್ಕಿದವರಿಗೆ ಕೊಟ್ಟು ಮುಗಿಸಿ, ಅವಳು ನನ್ನನ್ನು ಹಿಡಿದು ಅಂಗಡಿಗೆ ನಡೆದಳು.

ಗುರುಸಿದ್ದಪ್ಪ ಚಹಾ ತರಿಸಿದರು. ಚಹಾ ಕುಡಿಯುವಷ್ಟು ಹೊತ್ತೂ ನನ್ನನ್ನು ಹೊರಳಾಡಿಸಿ ನೋಡಿದರು. ಮಾರಿದ ಮೇಲೆ ಅಂಗಡಿಗೆ ಸಂಬಂಧವಿಲ್ಲ, ಏನಿದ್ದರೂ ಹುಬ್ಬಳ್ಳಿಯ ಸರ್ವಿಸ್ ಸೆಂಟರ್ ಎಂದರು. ಸದ್ಯಕ್ಕೆ ಕಿವಿಗೆ ಹಾಕಿಕೊಳ್ಳುವ ವೈರು ಇದೆ, ಅದರಲ್ಲಿ ಬೇರೆ ಮೈಕಿದೆ, ನಿಮಗೆಂದು ಕಡಿಮೆಗೆ ಕೊಡುತ್ತೇನೆ ಎಂದು ಒಂದು ಡಬ್ಬಿಯನ್ನೂ ತೆಗೆದಿಟ್ಟರು. ಕೆಟ್ಟದ್ದನ್ನು ಮಾರಿ, ಕೆಟ್ಟದ್ದಕ್ಕೆ ಮದ್ದನ್ನೂ ಮಾರುವ ಆ ಜಾಣತನ ನೋಡಿ ನನಗೆ ನಗುವೇ ಬಂತು. ಕಸ್ತೂರೆವ್ವ ನಗಲಿಲ್ಲ.

"ಹೊಸಾ ಕಾಲಿಗೆ ಊರುಗೋಲು ಯಾಕ್ರಿ ಅಣ್ಣಾರ?" ಎಂದಳು. "ನನಗ ವೈರು ಬ್ಯಾಡ, ಮಾತಾಡೋ ಫೋನು ಬೇಕು."

ಹುಬ್ಬಳ್ಳಿಗೆ ಅವಳು ಒಂದು ದಿನದ ಕೆಲಸ ಬಿಟ್ಟು ಬಸ್ಸು ಹತ್ತಿದಳು. ಸರ್ವಿಸ್ ಸೆಂಟರಿನ ಯುವಕ ನನ್ನನ್ನು ಬಿಚ್ಚಲೂ ಇಲ್ಲ. ಕಣ್ಣಿಗೆ ಭೂತಗನ್ನಡಿ ಇಟ್ಟುಕೊಂಡು ಪಾದವನ್ನಷ್ಟೇ ನೋಡಿ, ಒಂದು ಕಾಗದದಲ್ಲಿ ಇಂಗ್ಲಿಷಿನಲ್ಲಿ ಏನೋ ಬರೆದು ಸಹಿ ಹಾಕಿರಿ ಎಂದ. ಕನ್ನಡದಲ್ಲಿ ಓದಿ ಹೇಳಪ್ಪಾ, ಆಮೇಲೆ ಸಹಿ ಎಂದು ಕಸ್ತೂರೆವ್ವ ಕುರ್ಚಿಯಲ್ಲಿ ಸರಿಯಾಗಿ ಕುಳಿತಳು. ಮೈಕಿನ ತೂತಿನಲ್ಲಿ ಕೆಂಪು ಪುಡಿ ಸೇರಿದೆ, ಇದು ಬಳಸುವವರ ನಿರ್ಲಕ್ಷ್ಯ, ವಾರಂಟಿ ಸಿಗದು ಎಂದು ಅವನು ಓದಿದ. ಅವಳ ಮುಖ ಬಾಡಿದ್ದನ್ನು ನಾನು ಮೇಜಿನ ಮೇಲಿಂದ ನೋಡಿದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರು ಎನ್ನುವುದು ಇದಕ್ಕೇ. ನನ್ನ ಬಾಯಿ ಹುಟ್ಟುವಾಗಲೇ ಹೋಗಿತ್ತು ಎಂದು ಕಿರುಚಬೇಕೆನಿಸಿತು. ಕಿರುಚುವ ಜಾಗವೇ ಕೆಟ್ಟಿದ್ದರೆ ಯಾರೇನು ಮಾಡಿಯಾರು?

ಅವಳು ಏಳನೆಯ ತರಗತಿ ಓದಿದ್ದಳು, ಅಷ್ಟು ಸಾಕಾಯಿತು. ಆ ಕಾಗದದ ಕೆಳಗೆ ದೊಡ್ಡ ಅಕ್ಷರದಲ್ಲಿ 'ಇದಕ್ಕೆ ನನ್ನ ಒಪ್ಪಿಗೆ ಇಲ್ಲ' ಎಂದು ಕನ್ನಡದಲ್ಲಿ ಬರೆದು, ಅದರ ಕೆಳಗೆ ಸಹಿ ಮಾಡಿ, ಒಂದು ಪ್ರತಿ ಇಸಿದುಕೊಂಡಳು. ಆ ಪ್ರತಿಯೂ ಊರಿಗೆ ಬಂದು ತಂತಿಗೆ ಏರಿತು.

ಧೈರ್ಯದ ಹೆಂಗಸು ನಿಜ, ಆದರೆ ಆ ಸಂಜೆ ಒಲೆಯ ಮುಂದೆ ಕುಳಿತು ಅವಳು ತನ್ನ ಹೆಬ್ಬೆರಳನ್ನೇ ನೋಡಿಕೊಳ್ಳುತ್ತಿದ್ದಳು. ನಾನೇ ಹಚ್ಚಿದೆ, ನಾನೇ ಕೆಡಿಸಿದೆ, ನನ್ನ ಭಕ್ತಿಯೇ ಐದು ಜನರ ಅನ್ನಕ್ಕೆ ಮುಳುವಾಯಿತು ಎಂದು ಹುಸೇನಬಿಯ ಮುಂದೆ ಹೇಳಿಕೊಂಡಳು. ನನಗೆ ಸಹಿಸಲಾಗಲಿಲ್ಲ. ತಪ್ಪು ಮಾಡಿದವರು ಹಾಯಾಗಿ ಮಲಗುತ್ತಾರೆ, ತಪ್ಪಿಲ್ಲದವರು ಹೀಗೆ ಹೆಗಲು ಮುಟ್ಟಿ ನೋಡಿಕೊಳ್ಳುತ್ತಾರೆ. ಹುಸೇನಬಿ ಹಿಟ್ಟಿನ ಕೈ ಝಾಡಿಸಿ ಒಂದೇ ಮಾತು ಹೇಳಿದಳು.

"ನೀ ಹಚ್ಚೂದಕ್ಕಿಂತ ಮೊದ್ಲ ಅವ್ರು ಹಚ್ಚಿದ್ರಲ್ಲ ಅಕ್ಕಾ. ನಾ ನಿಂತು ನೋಡೇನಿ."

ಅದು ಕಸ್ತೂರೆವ್ವನಿಗೂ ನೆನಪಿತ್ತು. ಆದರೆ ರೊಟ್ಟಿ ಬಡಿಯುವವರ ಮಾತನ್ನು ಯಾರು ನಂಬುತ್ತಾರೆ? ಇದಕ್ಕೆ ಉತ್ತರ ಮರುವಾರ ಬೀದಿಯಲ್ಲೇ ಸಿಕ್ಕಿತು. ದಸರೆ ಹತ್ತಿರ ಬಂದಿತ್ತು. ಸೌಭಾಗ್ಯ ಮೊಬೈಲ್ಸಿನ ಮುಂದೆ ಗುರುಸಿದ್ದಪ್ಪ ಒಂದು ದೊಡ್ಡ ಫ್ಲೆಕ್ಸ್ ಕಟ್ಟಿಸಿದ್ದರು. 'ನಮ್ಮ ಗ್ರಾಹಕರೇ ನಮ್ಮ ಸೌಭಾಗ್ಯ' ಎಂಬ ದಪ್ಪ ಅಕ್ಷರ, ಅದರ ಕೆಳಗೆ ಇಪ್ಪತ್ತು ಜನರ ಫೋಟೊ. ಎರಡನೆಯ ಸಾಲಿನಲ್ಲಿ ನಗುವ ಕಸ್ತೂರೆವ್ವ, ತಟ್ಟೆಯಲ್ಲಿ ನಾನು, ನನ್ನ ಪಾದದ ಮೇಲೆ ಕೆಂಪು ಹೆಬ್ಬೆರಳು. ಅವಳು ನಡುರಸ್ತೆಯಲ್ಲೇ ನಿಂತಳು. ಸೊಂಟದಿಂದ ನನ್ನನ್ನು ತೆಗೆದಳು, ಮೇಲೆತ್ತಿ ಹಿಡಿದಳು. ನನಗೆ ಬಾಯಿ ಇಲ್ಲದಿದ್ದರೇನು, ಕಣ್ಣು ಇದೆಯಲ್ಲ! ನಾನು ಆ ಫ್ಲೆಕ್ಸನ್ನು, ಆ ಹೆಬ್ಬೆರಳನ್ನು, ಅದರ ಉಗುರಿನ ಕುಂಕುಮ ಸಮೇತ ಹಿಡಿದಿಟ್ಟುಕೊಂಡೆ. ನನ್ನ ಬಾಳಿನಲ್ಲಿ ಅಷ್ಟು ಹುರುಪಿನಿಂದ ನಾನು ಇನ್ನಾವ ಕೆಲಸವನ್ನೂ ಮಾಡಿಲ್ಲ.

ಗ್ರಾಹಕರ ಸಹಾಯವಾಣಿ 1915 ಎಂದು ಅವಳು ಬಸ್ಸಿನಲ್ಲೊಮ್ಮೆ ಓದಿದ್ದಳು. ನನ್ನ ಮೇಲಿನ ದೂರನ್ನು ನನ್ನಿಂದಲೇ ಹೇಳಲು ಬರುವಂತಿರಲಿಲ್ಲ, ಹುಸೇನಬಿಯ ಗುಂಡಿಯ ಫೋನಿನಿಂದ ಹೇಳಿದಳು. ಅತ್ತ ಕಡೆಯಿಂದ ಕನ್ನಡದಲ್ಲೇ ಮಾತಾಡಿ ದೂರು ಬರೆದುಕೊಂಡರು, ಕಂಪನಿಗೆ ಕಳಿಸಿದರು. ಕಂಪನಿಯಿಂದ ಬಂದ ಉತ್ತರದಲ್ಲೂ ಅದೇ ಕೆಂಪು ಪುಡಿ. ಹಾಗಿದ್ದರೆ ಜಿಲ್ಲೆಯ ಗ್ರಾಹಕರ ಆಯೋಗಕ್ಕೆ ಹೋಗಬಹುದು, ಇಷ್ಟು ಬೆಲೆಯ ವಸ್ತುವಿಗೆ ಅಲ್ಲಿ ಶುಲ್ಕವಿಲ್ಲ, ವಕೀಲರು ಬೇಕೇ ಬೇಕೆಂದೂ ಇಲ್ಲ, ಬಿಲ್ಲು ಮತ್ತು ಸರ್ವಿಸ್ ಸೆಂಟರಿನ ಕಾಗದ ಕಳೆಯಬೇಡಿ ಎಂದು ಸಹಾಯವಾಣಿಯಾಕೆ ತಿಳಿಸಿದಳು. ಕಳೆಯುವ ಮಾತೆಲ್ಲಿ ಬಂತು? ಎರಡೂ ತಂತಿಯಲ್ಲೇ ಇದ್ದವು.

ಅಂಗಡಿಗೂ ಕಂಪನಿಗೂ ರಿಜಿಸ್ಟರ್ ಅಂಚೆಯಲ್ಲಿ ನೋಟೀಸು ಹೋಯಿತು. ಉತ್ತರ ಬರಲಿಲ್ಲ. ದೂರು ದಾಖಲಾಯಿತು. ಆ ಮೇಲೆ ಕಳೆದ ತಿಂಗಳುಗಳನ್ನು ನಾನು ಉಪ್ಪಿನ ಡಬ್ಬಿಯ ಪಕ್ಕ, ಒಂದು ಬಟ್ಟೆಯ ಚೀಲದಲ್ಲಿ ಕಳೆದೆ. ಐವರಲ್ಲಿ ಇಬ್ಬರು ಬೇರೆ ಕೆಲಸ ನೋಡಿಕೊಂಡರು. ಉಳಿದವರು ಸಣ್ಣಪುಟ್ಟ ಮದುವೆ, ಸೀಮಂತಗಳ ರೊಟ್ಟಿ ಬಡಿದು ದಿನ ದೂಡಿದರು. ಕಸ್ತೂರೆವ್ವ ಮಾತ್ರ ತಾರೀಖು ಬಂದಾಗಲೆಲ್ಲ ಇಸ್ತ್ರಿಯ ಸೀರೆ ಉಟ್ಟು, ನನ್ನನ್ನು ಚೀಲಕ್ಕೆ ಹಾಕಿಕೊಂಡು ಹೊರಡುತ್ತಿದ್ದಳು. ಒಮ್ಮೆ ಕಂಪನಿಯವರು ಬರಲಿಲ್ಲ, ಒಮ್ಮೆ ಸಮಯ ಕೇಳಿದರು. ಅವಳಿಗೆ ಬೇಸರ ಬರುತ್ತದೆ ಎಂದುಕೊಂಡಿದ್ದರೇನೋ. ದಿನವಿಡೀ ರೊಟ್ಟಿಯ ಮೇಲೆ ರೊಟ್ಟಿಯನ್ನು ಒಂದೇ ದುಂಡಗೆ ಬಡಿಯುವವಳ ತಾಳ್ಮೆ ಅವರಿಗೆ ಗೊತ್ತಿರಲಿಲ್ಲ.

ಕೊನೆಗೊಮ್ಮೆ ಎಲ್ಲರೂ ಬಂದರು. ಆಯೋಗದ ಅಧ್ಯಕ್ಷೆ ಕನ್ನಡಕದ ಮೇಲಿಂದ ನೋಡುವ ಶಾಂತ ಹೆಂಗಸು. ನನ್ನನ್ನು ಅವರ ಮೇಜಿನ ಮೇಲೆ ಇಟ್ಟರು. ಅಷ್ಟು ಎತ್ತರದ ಜಾಗದಲ್ಲಿ ನಾನು ಹಿಂದೆಂದೂ ಕುಳಿತಿರಲಿಲ್ಲ. ತಂತಿಯಿಂದ ಬಂದ ಕಾಗದಗಳಿಗೆ ಒಲೆಯ ಹೊಗೆಯ ವಾಸನೆ ಇತ್ತು, ನಡುವೆ ಒಂದೊಂದು ತೂತಿತ್ತು. ಕಂಪನಿಯ ವಕೀಲರು ಕರಿಕೋಟಿನಲ್ಲಿ ಎದ್ದು ನಿಂತು, ಫೋನಿನ ಜೊತೆ ಕೊಟ್ಟ ಪುಸ್ತಿಕೆಯ ಇಷ್ಟನೆಯ ಪುಟದಲ್ಲಿ ಪುಡಿ, ನೀರು ತಾಗಿಸಬಾರದೆಂದು ಬರೆದಿದೆ, ಗ್ರಾಹಕರು ಕುಂಕುಮ ತುಂಬಿದ್ದಾರೆ, ಇದು ಅವರದೇ ತಪ್ಪು ಎಂದರು. ಕಸ್ತೂರೆವ್ವ ನನ್ನ ಕಣ್ಣು ಹಿಡಿದ ಫೋಟೊವನ್ನು ತೋರಿಸಿದಳು. ಅಧ್ಯಕ್ಷೆ ಅದನ್ನು ಹಿಗ್ಗಿಸಿ ಹಿಗ್ಗಿಸಿ ನೋಡಿ, ಈ ಹೆಬ್ಬೆರಳು ಯಾರದು ಎಂದು ಕೇಳಿದರು.

ಗುರುಸಿದ್ದಪ್ಪ ನಿಂತರು. ಅಂಗೈ ಹುಣ್ಣಿಗೆ ಕನ್ನಡಿ ಬೇಕೇ? ಅವರ ಉಗುರಿನಲ್ಲಿ ಅಂದಿನ ಬೆಳಗಿನ ಕುಂಕುಮವೂ ಇತ್ತು.

"ನಂದ ರೀ" ಎಂದರು. "ಎಲ್ಲಾ ಫೋನಿಗೂ ಹಚ್ಚತೇನ್ರಿ. ಭಕ್ತಿಲಿಂದ ಹಚ್ಚತೇನಿ."

ಮಾರುವವರೇ ಹಚ್ಚಿ ಕೊಟ್ಟದ್ದನ್ನು ಕೊಂಡವರ ನಿರ್ಲಕ್ಷ್ಯ ಎನ್ನುವುದು ಹೇಗೆ ಎಂದು ಅಧ್ಯಕ್ಷೆ ವಕೀಲರನ್ನು ಕೇಳಿದರು. ವಕೀಲರು ಜಾಣರು, ಕೂಡಲೇ ಕಸ್ತೂರೆವ್ವನ ಕಡೆ ತಿರುಗಿದರು. ಮನೆಗೆ ಹೋದ ಮೇಲೆ ನೀವೂ ಹಚ್ಚಿದಿರೋ ಇಲ್ಲವೋ ಎಂದರು. ಇಲ್ಲ ಎಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಮನೆಯಲ್ಲಿ ಹಚ್ಚಿದ್ದಕ್ಕೆ ಫೋಟೊ ಇರಲಿಲ್ಲ, ನೋಡಿದವನು ನಾನೊಬ್ಬ, ನಾನು ಮೂಗ. ಅವಳು ಒಂದು ಗಳಿಗೆ ನನ್ನನ್ನು ನೋಡಿದಳು. ಇಲ್ಲ ಅನ್ನವ್ವಾ ಎಂದು ನಾನು ಒಳಗೊಳಗೇ ಬೇಡಿಕೊಂಡೆ.

"ಹೌದ್ರಿ, ನಾನೂ ಹಚ್ಚೇನಿ" ಎಂದಳು. "ಸುಳ್ಳು ಯಾಕ ಹೇಳ್ಲಿ? ಆದ್ರ ಮೇಡಂ, ಅದನ್ನ ಬಿಚ್ಚಿ ಯಾರೂ ನೋಡೇ ಇಲ್ಲ. ಬಿಚ್ಚಿ ನೋಡ್ರಿ. ನನ್ನ ಕುಂಕುಮದಿಂದ ಕೆಟ್ಟಿದ್ರ ನನಗ ಏನೂ ಬ್ಯಾಡ, ಮನೀಗಿ ಹೋಗ್ತೇನಿ. ಅಲ್ಲಾ ಅಂದ್ರ, ತಪ್ಪು ನಂದಲ್ಲ ಅಂತ ಒಂದು ಕಾಗದದಾಗ ಬರದು ಕೊಡ್ರಿ. ರೊಕ್ಕಕ್ಕಿಂತ ಆ ಕಾಗದ ನನಗ ಬೇಕು. ನನ್ನ ಮಾತಿನ ಮ್ಯಾಲ ಐದು ಮನಿ ಅದಾವ."

ಇಲ್ಲ ಅನ್ನವ್ವಾ ಎಂದು ಬೇಡಿಕೊಂಡಿದ್ದಕ್ಕೆ ನನಗೆ ನಾಚಿಕೆಯಾಯಿತು. ಅಧ್ಯಕ್ಷೆ ಏನೋ ಬರೆದುಕೊಂಡು, ನನ್ನನ್ನು ಪ್ರಯೋಗಾಲಯಕ್ಕೆ ಕಳಿಸಿ ಪರೀಕ್ಷಿಸಬೇಕೆಂದು ಹೇಳಿದರು.

ನನ್ನನ್ನು ಬಟ್ಟೆಯಲ್ಲಿ ಸುತ್ತಿ ಅರಗಿನ ಮುದ್ರೆ ಒತ್ತಿದರು. ಮುದ್ರೆ ಒಡೆದು ಮೊದಲ ಸಲ ನನ್ನ ಮೈ ಬಿಚ್ಚಿದವರು ಮುದಿಕಣ್ಣಿನ ಒಬ್ಬ ತಜ್ಞರು. ಬೆನ್ನಿನ ಹಸಿರು ಚೀಟಿಯನ್ನು ಹರಿದು ತೆಗೆದಾಗ ನನಗೆ ನೋವಾಗಲಿಲ್ಲ, ಹಗುರವಾಯಿತು. ಅವರು ಪಾದದ ಕಡೆ ಬಂದರು. ಕುಂಕುಮ ಜಾಳಿಗೆಯ ಹೊರಗೇ ನಿಂತಿತ್ತು, ಗುರುಸಿದ್ದಪ್ಪನದೂ ಕಸ್ತೂರೆವ್ವನದೂ ಎರಡೂ. ಒಳಗೆ ಒಂದು ಕಣವೂ ಹೋಗಿರಲಿಲ್ಲ. ಮೈಕಿನ ಕಾಲುಗಳು ಮಾತ್ರ ಹುಟ್ಟಿದ ದಿನದಂತೆ ಬೆಸುಗೆಯಿಲ್ಲದೆ ಒಣಗಿ ನಿಂತಿದ್ದವು. ಅವರು ನಿಟ್ಟುಸಿರು ಬಿಟ್ಟು, 'ಇದು ಒಂದು ದಿನವೂ ಮಾತಾಡಿದ್ದಲ್ಲ' ಎಂದು ತಮ್ಮಷ್ಟಕ್ಕೆ ಹೇಳಿಕೊಂಡು ವರದಿ ಬರೆದರು. ಅಷ್ಟು ದಿನಕ್ಕೆ ನನ್ನ ಮನಸ್ಸಿನ ಮಾತನ್ನು ಒಬ್ಬರು ಆಡಿದ್ದರು.

ಆದೇಶ ಬಂದ ದಿನ ಕಸ್ತೂರೆವ್ವ ಹುಸೇನಬಿಯನ್ನೂ ಕರೆದುಕೊಂಡು ಹೋಗಿದ್ದಳು. ನನ್ನನ್ನೂ ಅವತ್ತೇ ಅವಳ ಕೈಗೆ ವಾಪಸ್ ಕೊಟ್ಟರು. ತಯಾರಿಕೆಯಲ್ಲೇ ದೋಷವಿದೆ, ಕಂಪನಿ ಮತ್ತು ಅಂಗಡಿ ಸೇರಿ ಹೊಸ ಫೋನು ಕೊಡಬೇಕು, ಅಲೆದಾಟಕ್ಕೂ ಮನೋವ್ಯಥೆಗೂ ಪರಿಹಾರ ಕೊಡಬೇಕು ಎಂದಿತ್ತು. ಅವಳು ಅದನ್ನೆಲ್ಲ ದಾಟಿ ಮೂರನೆಯ ಹಾಳೆಗೆ ಹೋದಳು. ಹೊರಗಿನ ಬೆಂಚಿನ ಮೇಲೆ ಕುಳಿತು ಬೆರಳಿಟ್ಟು ಓದಿದಳು: 'ದೂರುದಾರರ ಕಡೆಯಿಂದ ಯಾವ ತಪ್ಪೂ ಕಂಡುಬಂದಿಲ್ಲ.' ಒಮ್ಮೆ ಮನಸ್ಸಿನಲ್ಲಿ, ಒಮ್ಮೆ ಹುಸೇನಬಿಗೆ ಕೇಳುವಂತೆ. ಆಮೇಲೆ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಅಷ್ಟು ತಿಂಗಳಲ್ಲಿ ಅವಳು ಅತ್ತದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಅಲ್ಲಿಂದ ನೇರ ಹಾಸ್ಟೆಲಿಗೆ ನಡೆದಳು. ಶೈಲಜಾ ಮೇಡಂ ಮೂರೂ ಹಾಳೆಯನ್ನು ನಿಧಾನಕ್ಕೆ ಓದಿದರು. ಅವತ್ತು ನೀವು ನಿಜಕ್ಕೂ ಉತ್ತರ ಕೊಟ್ಟಿದ್ದಿರಿ, ನನಗೆ ಕೇಳಿಸಲಿಲ್ಲ ಅಷ್ಟೇ ಎಂದರು. ತಪ್ಪಾಯಿತು ಎಂದೂ ಹೇಳಿದರು. ಬೇರೆ ಕೇಂದ್ರದವರ ಜೊತೆಗಿನ ಮಾತು ಆ ತಿಂಗಳಿಗೆ ಮುಗಿಯುತ್ತದೆ, ಒಂದನೆಯ ತಾರೀಖು ಐದೂವರೆಗೆ ಕರೆಯುತ್ತೇನೆ ಎಂದರು. ಕಸ್ತೂರೆವ್ವ ಕಾಗದ ಮಡಚುತ್ತ, ಕರೆಯಿರಿ, ಈ ಸಲ ಕೇಳಿಸುತ್ತದೆ ಎಂದಳು.

ಅವಳು ಗೆದ್ದಳು, ಗೆದ್ದಿದ್ದಕ್ಕೇ ನಾನು ಅವಳ ಕೈತಪ್ಪಿ ಹೋದೆ. ಹೊಸದನ್ನು ಕೊಡಬೇಕಾದರೆ ಹಳೆಯದನ್ನು ಒಪ್ಪಿಸಬೇಕಲ್ಲ. ಸೌಭಾಗ್ಯ ಮೊಬೈಲ್ಸಿನ ಗಲ್ಲಾಪೆಟ್ಟಿಗೆಯ ಮುಂದೆ ಅವಳು ನನ್ನನ್ನು ಸೆರಗಿನ ತುದಿಯಿಂದ ಒರೆಸಿದಳು, ಪಾದದಲ್ಲಿ ಉಳಿದಿದ್ದ ಕೆಂಪನ್ನೂ ಒರೆಸಿದಳು. ನಿನ್ನದೂ ತಪ್ಪಿಲ್ಲ ಬಿಡಪ್ಪಾ, ನಿನ್ನನ್ನು ಯಾರೂ ಮಾತಾಡಿಸಿಯೇ ನೋಡಲಿಲ್ಲ ಎಂದು ಮೆಲ್ಲಗೆ ಹೇಳಿ ಕೆಳಗಿಟ್ಟಳು. ಗುರುಸಿದ್ದಪ್ಪ ಹೊಸ ಫೋನನ್ನು ಡಬ್ಬಿಯಿಂದ ತೆಗೆದು, ರೂಢಿಯಂತೆ ಹಿತ್ತಾಳೆ ತಟ್ಟೆಗೆ ಕೈ ಹಾಕಿದರು. ಅವಳು ತಟ್ಟೆಯನ್ನು ಬೆರಳಲ್ಲಿ ಆಚೆ ಸರಿಸಿದಳು.

"ಮೊದ್ಲು ಮಾತು, ಆಮ್ಯಾಲ ಕುಂಕುಮ."

ಗುರುಸಿದ್ದಪ್ಪ ನಕ್ಕುಬಿಟ್ಟರು. ಸೋತ ನಗು, ಆದರೆ ಕಹಿಯಿಲ್ಲದ ನಗು. ಅವಳು ಹೊಸ ಫೋನಿನಿಂದ ರೋಣದ ಅಕ್ಕನನ್ನು ಕರೆದು ಕಾಲುಗಂಟೆ ಮಾತಾಡಿದಳು. ಆಮೇಲೆ ಆ ಫೋನಿಗೆ ಕುಂಕುಮ ಹಚ್ಚಿಸಿಕೊಂಡಳು, ಪಾದಕ್ಕಲ್ಲ, ಬೆನ್ನಿಗೆ.

ನನ್ನನ್ನು ಕಂಪನಿ ಕೇಳಲೇ ಇಲ್ಲ. ಬಿಚ್ಚಿ ಮುಚ್ಚಿದ ಮೂಗ ಯಾರಿಗೆ ಬೇಕು? ಗುಜರಿಗೆ ಹೋಗುತ್ತೇನೆ ಎಂದು ಮನಸ್ಸು ಗಟ್ಟಿ ಮಾಡಿಕೊಂಡೆ. ಆದರೆ ಮೊದಲು ಮಾತು, ಆಮೇಲೆ ಕುಂಕುಮ ಎಂದ ಅವಳ ಮಾತು ಗುರುಸಿದ್ದಪ್ಪನ ಮನಸ್ಸಿನಲ್ಲಿ ಕೂತುಬಿಟ್ಟಿತ್ತು. ಅಂದಿನಿಂದ ಮಾತಾಡಿಸದೆ ಯಾವ ಫೋನನ್ನೂ ಕೊಡುವುದಿಲ್ಲ ಎಂದರು. ಮಾತಾಡಬೇಕೆಂದರೆ ಆಚೆ ಬದಿ ಕೇಳಲು ಒಂದು ಕಿವಿ ಬೇಕು. ಕಿವಿಗೇನು, ನನ್ನದು ಮೊದಲಿನಿಂದಲೂ ಚುರುಕು. ನನ್ನೊಳಗೆ ಒಂದು ಸಿಮ್ ಹಾಕಿ, ಲಕ್ಷ್ಮಿಯ ಪಟದ ಕೆಳಗೆ ಒಂದು ಮೊಳೆಗೆ ಒರಗಿಸಿ ಇಟ್ಟರು. ಕೊಳ್ಳುವವರು ಹೊಸ ಫೋನಿನಿಂದ ನನಗೆ ಕರೆ ಮಾಡುತ್ತಾರೆ, ನಾನು ಹಾಡುತ್ತೇನೆ, ಗುರುಸಿದ್ದಪ್ಪ ಗುಂಡಿ ಒತ್ತುತ್ತಾರೆ, ಆಡಿದ ಮಾತು ನನ್ನಿಂದ ಜೋರಾಗಿ ಕೇಳಿಸುತ್ತದೆ. ಈ ಅಂಗಡಿಯಿಂದ ಹೊರಹೋದ ಪ್ರತಿ ಫೋನಿನ ಮೊದಲ ಮಾತನ್ನು ಕೇಳಿದವನು ನಾನು. ಎರಡು ಸಲ ಮಾತು ಬರಲಿಲ್ಲ. ಆ ಎರಡನ್ನೂ ಗುರುಸಿದ್ದಪ್ಪ ಅಲ್ಲಿಯೇ ವಾಪಸ್ ಕಟ್ಟಿ ಕಳಿಸಿದರು.

ಈಗ ನನ್ನ ಗಾಜಿಗೆ ಬಿರುಕು ಬಿದ್ದಿದೆ, ಬ್ಯಾಟರಿ ಮಧ್ಯಾಹ್ನಕ್ಕೇ ಸುಸ್ತಾಗುತ್ತದೆ, ಯಾವಾಗಲೂ ಒಂದು ವೈರಿಗೆ ಕಟ್ಟಿಕೊಂಡೇ ಇರುತ್ತೇನೆ. ಮುಪ್ಪೆಂದರೆ ಇದೇ ಇರಬೇಕು. ಆದರೆ ಹೋದ ತಿಂಗಳು ನಡೆದದ್ದನ್ನು ಹೇಳಿ ಮುಗಿಸುತ್ತೇನೆ. ಹುಸೇನಬಿಗೆ ದೊಡ್ಡ ಫೋನು ಬೇಕಾಗಿತ್ತು. ಕಸ್ತೂರೆವ್ವ ಅವಳನ್ನು ಕರೆದುಕೊಂಡು ಬಂದಳು. ಜಗಳ ಆಡಿದ ಅಂಗಡಿಗೇ ಯಾಕೆ ಬಂದಿರಿ ಎಂದು ಅಲ್ಲಿದ್ದ ಯಾರೋ ಚೇಷ್ಟೆ ಮಾಡಿದರು.

"ಇಲ್ಲಿ ಮೋಸ ಆಗಂಗಿಲ್ರಿ" ಎಂದಳು ಕಸ್ತೂರೆವ್ವ. "ಇವ್ರಿಗೆ ನನ್ನ ಮಾರಿ ಗೊತ್ತೈತಿ."

ಫೋನು ಆರಿಸಿದ್ದಾಯಿತು. ಅಂಗಡಿಯ ತುಂಬ ಜನರ ಮುಂದೆ ಮಾತಾಡಲು ಹುಸೇನಬಿಗೆ ನಾಚಿಕೆ. ಕಸ್ತೂರೆವ್ವ ತಾನೇ ಹೊಸ ಫೋನನ್ನು ಎತ್ತಿಕೊಂಡು, ಬೀದಿಯ ಗದ್ದಲ ಬೇಡವೆಂದು ಅಂಗಡಿಯ ಹಿಂದಿನ ಬಾಗಿಲಿಗೆ ಹೋಗಿ ನನಗೆ ಕರೆ ಮಾಡಿದಳು. ನಾನು ಹಾಡಿದೆ. ಗುರುಸಿದ್ದಪ್ಪ ಗುಂಡಿ ಒತ್ತಿದರು. ಒಂದು ಉಸಿರು ಕೇಳಿಸಿತು, ನನಗೆ ಗುರುತಿರುವ ಉಸಿರು. ಆಮೇಲೆ ಅಂಗಡಿಯಷ್ಟಗಲ ಅವಳ ಧ್ವನಿ ನನ್ನಿಂದಲೇ ಹೊರಬಿತ್ತು.

"ನಾನು ಕಸ್ತೂರಿ. ಕೇಳಸ್ತೈತೇನು?"

ಕೇಳಿಸಿತು. ಮೊದಲ ದಿನ ನನ್ನ ಕಾಲಲ್ಲೇ ಸತ್ತುಹೋಗಿದ್ದ ಆ ಮಾತು ಅಂಗಡಿಯಲ್ಲಿದ್ದ ಎಲ್ಲರಿಗೂ ಕೇಳಿಸಿತು.